ಅಳಿಸದೆ ಅಳಿಸುವ ‘ಗೃಹಭಂಗ’



ನೆಂಟರ ಮನೆಯಲ್ಲಿ ಸಾರು ರುಚಿಯಾಗಿದ್ದರೆ, ‘ಏನು ಹಾಕಿದ್ರಿ?’ ಅಂತ ಕೇಳದೆ ಬರುವವರಲ್ಲ ನಾವು. ಆದರೆ ಕಾದಂಬರಿ ಓದಿ ಕಣ್ಣೊರೆಸಿಕೊಂಡಾಗ, ‘ಇವರು ನಮ್ಮನ್ನು ಅಳಿಸಿದ್ದು ಹೇಗೆ?’ ಅಂತ ಕೇಳುವುದು ಕಡಿಮೆ. ಈ ಸಲ ಅದನ್ನೇ ಕೇಳೋಣ.

ಎಸ್. ಎಲ್. ಭೈರಪ್ಪನವರ ‘ಗೃಹಭಂಗ’ ಪ್ರಕಟವಾದದ್ದು 1970ರಲ್ಲಿ. ಹಳೇ ಮೈಸೂರು ಸೀಮೆಯ ರಾಮಸಂದ್ರ ಎಂಬ ಹಳ್ಳಿ, ಅಲ್ಲಿನ ಶಾನುಭೋಗರ ಮನೆ. ಅತ್ತೆ ಗಂಗಮ್ಮ ಬಾಯಿ ತೆರೆದರೆ ಬೈಗುಳ. ಗಂಡ ಚೆನ್ನಿಗರಾಯನಿಗೆ ಊಟವೊಂದಾದರೆ ಸಾಕು. ಇವರ ನಡುವೆ ಸಂಸಾರ ಎಳೆಯುವವಳು ನಂಜಮ್ಮ.

ಮೊದಲು ಹೆಸರನ್ನೇ ನೋಡಿ. ಗೃಹಭಂಗ ಅಂದರೆ ಮನೆ ಮುರಿಯುವುದು. ಕಥೆ ಶುರುವಾಗುವಾಗಲೇ ಗಂಗಮ್ಮನ ಮಕ್ಕಳು ಸಿಟ್ಟಿನಲ್ಲಿ ಮಾಡು ಹತ್ತಿ ತಮ್ಮ ಮನೆಯ ಹೆಂಚು ತಾವೇ ಒಡೆಯುತ್ತಾರೆ. ಓದುವಾಗ ತುಂಟ ಹುಡುಗರ ಪುಂಡಾಟ ಅನ್ನಿಸಿ ನಗು ಬರುತ್ತದೆ. ಮುಗಿಸಿದ ಮೇಲೆ ನೆನಪಾದರೆ ಎದೆ ಝಲ್ ಅನ್ನುತ್ತದೆ. ಮುಂದೆ ಆಗುವುದೆಲ್ಲ ಆ ಹೆಂಚಿನಲ್ಲೇ ಇತ್ತಲ್ಲ! ಒಳಗಿನವರೇ ಒಡೆದ ಸೂರು ಅದು.

ಎರಡನೆಯದು ಮಾತು. ಗಂಗಮ್ಮನ ಬೈಗುಳವನ್ನು ಲೇಖಕರು ತೊಳೆದು ಮಡಿ ಮಾಡಿಲ್ಲ; ಆ ಸೀಮೆಯ ಆಡುಮಾತಿನಲ್ಲೇ ಇಟ್ಟಿದ್ದಾರೆ. ಕೆಲವರಿಗೆ ಮುಜುಗರ ಆಗಬಹುದು. ಆದರೆ ‘ಅತ್ತೆ ಕೆಟ್ಟವಳು’ ಅಂತ ಅವರು ಬೇರೆ ಹೇಳಬೇಕಾಗಿಲ್ಲ, ಅವಳ ಬಾಯೇ ಹೇಳುತ್ತದೆ. ಸಣ್ಣ ವಯಸ್ಸಿಗೇ ಗಂಡನನ್ನು ಕಳೆದುಕೊಂಡವಳು ಅನ್ನುವುದನ್ನೂ ಅವರು ಮರೆಸುವುದಿಲ್ಲ. ತೀರ್ಪು ನಮಗೇ ಬಿಟ್ಟದ್ದು.

ಮೂರನೆಯದು ನನಗೆ ಎಲ್ಲಕ್ಕಿಂತ ದೊಡ್ಡದು. ನಂಜಮ್ಮನ ಕಷ್ಟವನ್ನು ಲೇಖಕರು ಹೊಗಳಿಕೆಯಲ್ಲಿ ಹೇಳುವುದಿಲ್ಲ, ಕೆಲಸದಲ್ಲಿ ತೋರಿಸುತ್ತಾರೆ. ಶಾನುಭೋಗಿಕೆ ಗಂಡನದು, ಲೆಕ್ಕ ಬರೆಯುವವಳು ಇವಳು. ಮುತ್ತುಗದ ಎಲೆ ಹಚ್ಚಿ ನಾಲ್ಕು ಕಾಸು ಸಂಪಾದಿಸುತ್ತಾಳೆ. ತನ್ನದೇ ಒಂದು ಸೂರಿಗಾಗಿ ಹೆಣಗುತ್ತಾಳೆ. ‘ತ್ಯಾಗಮಯಿ’, ‘ದೇವತೆ’ ಅಂತ ಒಂದು ಪದ ಅಂಟಿಸಿಬಿಟ್ಟಿದ್ದರೆ ನಾವು ಕೈಮುಗಿದು ಪುಟ ತಿರುಗಿಸಿಬಿಡ್ತಿದ್ವಿ. ಎಲೆ, ಕಡ್ಡಿ, ಲೆಕ್ಕದ ಪುಸ್ತಕ ಇವನ್ನೇ ಕಣ್ಣಮುಂದೆ ಇಟ್ಟದ್ದರಿಂದ ಅವಳು ನಮ್ಮ ಪಕ್ಕದ ಮನೆಯವಳಾಗುತ್ತಾಳೆ.

ಪ್ಲೇಗು ಬಂದು ಬೆಳೆದ ಮಕ್ಕಳಿಬ್ಬರನ್ನು ಒಯ್ಯುತ್ತದೆ; ಕೊನೆಗೆ ಅವಳನ್ನೂ. ಅಲ್ಲೂ ಲೇಖಕರ ದನಿ ಏರುವುದಿಲ್ಲ. ಸಾವಿನ ಮನೆಯಲ್ಲೂ ಒಲೆ ಹೊತ್ತಬೇಕು, ಉಳಿದವರಿಗೆ ಹಸಿವಾಗುತ್ತದೆ. ಅವರು ಅಳದೆ ಉಳಿಸಿದ ಕಣ್ಣೀರು ನಮ್ಮ ಕಣ್ಣಿಗೆ ಬರುತ್ತದೆ.

ಭೈರಪ್ಪನವರು ಬಾಲಕರಾಗಿದ್ದಾಗಲೇ ಅವರ ತಾಯಿ, ಒಡಹುಟ್ಟಿದವರು ಪ್ಲೇಗಿಗೆ ತುತ್ತಾದವರು. ಅವರ ಆತ್ಮಕಥೆ ‘ಭಿತ್ತಿ’ ಓದಿದವರಿಗೆ ಇದು ಗೊತ್ತು. 2025ರ ಸೆಪ್ಟೆಂಬರಿನಲ್ಲಿ ಅವರು ತೀರಿಕೊಂಡರು. ಸ್ವಂತ ಕರುಳಿನ ನೋವನ್ನು ಇಷ್ಟು ತಗ್ಗಿದ ದನಿಯಲ್ಲಿ ಹೇಳೋಕೆ ಎಷ್ಟು ಗಟ್ಟಿ ಮನಸ್ಸು ಬೇಕು, ಯೋಚಿಸಿ.

‘ಮನೆಯಲ್ಲಿರುವ ದುಃಖ ಸಾಲದೆ, ಪುಸ್ತಕದ್ದೂ ಬೇಕೇ?’ ಅಂತ ಕೇಳುವವರಿದ್ದಾರೆ. ಬೇಕು ಅಂತಲೇ ನನ್ನ ಉತ್ತರ. ದಿನವಿಡೀ ದುಡಿದರೂ ನಮ್ಮ ಕೆಲಸ ಯಾರ ಲೆಕ್ಕದಲ್ಲೂ ಬರುವುದಿಲ್ಲ. ಇಲ್ಲಿ ಒಬ್ಬ ಮಗ ಕೂತು ಅಂಥ ಕೆಲಸಗಳನ್ನು ಒಂದೊಂದಾಗಿ ಬರೆದಿಟ್ಟಿದ್ದಾನೆ.

ಊರ ಗ್ರಂಥಾಲಯದಲ್ಲಿ ಸಿಕ್ಕರೆ ತನ್ನಿ. ಈ ಸಲ ನಂಜಮ್ಮ ಅತ್ತದ್ದು ಎಷ್ಟು ಸಲ, ದುಡಿದದ್ದು ಎಷ್ಟು ಸಲ ಅಂತ ಎಣಿಸುತ್ತಾ ಓದಿ. ನಿಮ್ಮ ಮನೆಯ ಹೆಣ್ಣುಮಕ್ಕಳಿಗೂ ಓದಲು ಕೊಡಿ. ಗಂಡುಮಕ್ಕಳಿಗೆ ತಪ್ಪದೆ ಕೊಡಿ.