"ಯಾವ ಜಾತಿ?" ಅಂತ ಕೇಳಿದ್ದು ಬೆಕ್ಕಿಂದು



ಹೋದ ಸೋಮವಾರ ಬಂಗಾರಪೇಟೆಯಲ್ಲಿ ನಮ್ಮ ಸಂಘದ ಸಭೆಗೆ ನಾನು ಒಂದೂವರೆ ಗಂಟೆ ತಡವಾಗಿ ಬಂದೆ. ಯಾಕಕ್ಕ ಲೇಟು ಅಂದರು. ಬೆಕ್ಕಿನ ಮರೀನ ಆಸ್ಪತ್ರೆಗೆ ತಗೊಂಡು ಹೋಗಿದ್ದೆ ಅಂದೆ. ಹುಡುಗರು ನಕ್ಕರು. ಹಿರಿಯ ಅಣ್ಣ ಒಬ್ಬರು ನಗಲಿಲ್ಲ. "ಏನಮ್ಮ, ನಮ್ ಕಾಲೋನಿ ಜನಕ್ಕೇ ಡಾಕ್ಟರ್ ಸಿಗದೆ ಸಾಯ್ತಾವ್ರೆ, ನಿನ್ ಬೆಕ್ಕಿಗೆ ಡಾಕ್ಟರಾ?" ಅಂದರು. ಅವರ ಮುಂದೆ ನಾನು ಯಾವತ್ತೂ ಎದುರು ಮಾತಾಡಿದವಳಲ್ಲ. ಸುಮ್ಮನೆ ಕೂತೆ. ಆದರೆ ಮಾತು ತಲೆಯಿಂದ ಹೋಗ್ತಾ ಇಲ್ಲ, ಅದಕ್ಕೆ ಇಲ್ಲಿ ಬರೀತಿದೀನಿ. ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡ್ಕೋಬೇಡಿ.

ಆಗಿದ್ದು ಇಷ್ಟು. ಭಾನುವಾರ ರಾತ್ರಿ ಮಗಳು ಚಾಪೆ ಮೇಲೆ ಅಕ್ಕಿ ನುಚ್ಚಿನಂಥ ಒಂದು ಬಿಳೀ ಚೂರು ನೋಡಿದಳು. ಕೈಗೆತ್ತಿಕೊಂಡರೆ ಹಲ್ಲು. ನಮ್ಮ ಕರಿಯನ ತುಟಿ ಹತ್ತಿರ ರಕ್ತದ ಗೆರೆ. ಎರಡು ತಿಂಗಳ ಹಿಂದೆ ರೈಲ್ವೆ ಸ್ಟೇಷನ್ ಹತ್ತಿರ ಪಾನಿಪೂರಿ ಗಾಡಿ ಕೆಳಗೆ ಸಿಕ್ಕಿದ ಮರಿ ಅದು. ಮುದ್ದೆ ಜೊತೆ ಮೀನು ಕಲಸಿ ಇಟ್ಟರೆ ತಟ್ಟೆ ನೆಕ್ಕಿ ಬಿಡ್ತಿದ್ದವನು ಆವತ್ತು ಮೂಸಿ ನೋಡಿ ಹೋಗಿ ಮಲಗಿದ. ಯಾರೋ ಒದ್ದಿರಬೇಕು, ದವಡೆ ಮುರಿದಿರಬೇಕು ಅಂತ ಮಗಳು ಅಳೋಕೆ ಶುರು ಮಾಡಿದಳು. ಪಕ್ಕದ ಮನೆ ಆಂಟಿ "ಅರ್ಧ ಪ್ಯಾರಾಸಿಟಮಾಲ್ ಹಾಲಲ್ಲಿ ಕಲಸಿ ಕುಡಿಸು, ನೋವು ಹೋಗುತ್ತೆ" ಅಂದರು. ಯಾಕೋ ಕುಡಿಸಲಿಲ್ಲ. ಕುಡಿಸದೇ ಇದ್ದಿದ್ದು ಎಷ್ಟು ಒಳ್ಳೇದಾಯ್ತು ಅಂತ ಮುಂದೆ ಹೇಳ್ತೀನಿ.

ಬೆಳಗ್ಗೆ ತರಕಾರಿ ಬ್ಯಾಗಲ್ಲಿ ಹಳೇ ಟವೆಲ್ ಹಾಸಿ, ಕರಿಯನ್ನ ಕೂರಿಸಿ, ಆಟೋ ಹಿಡಿದು ಪಶು ಆಸ್ಪತ್ರೆಗೆ ಹೋದೆ. ಯಾವ ಊರಿನ ಆಸ್ಪತ್ರೆ ಅನ್ನೋದು ಬೇಡ. ಚಿನ್ನ, ರೇಷ್ಮೆ, ಹಾಲಿನ ಜಿಲ್ಲೆ ನಮ್ದು. ಚಿನ್ನ ಮುಗೀತು, ಈಗ ಹಾಲು. ಆಸ್ಪತ್ರೆ ಅಂಗಳದ ತುಂಬ ಸೀಮೆ ಹಸುಗಳು, ಒಂದೆರಡು ಮೇಕೆ, ಬ್ಯಾಗ್ ಹಿಡಕೊಂಡು ನಿಂತ ನಾನೊಬ್ಬಳು. ಚೀಟಿ ಬರೆಯೋರು ನನ್ನ ಹೆಸರು ಬರಕೊಂಡರು, ಊರು ಬರಕೊಂಡರು, ತಲೆ ಎತ್ತದೆ ಕೇಳಿದರು: "ಯಾವ ಜಾತಿ?"

ಸ್ನೇಹಿತರೇ, ನನಗೆ ನಲವತ್ತೆರಡು ವರ್ಷ. ವೇದಿಕೆ ಮೇಲೆ ಮೈಕ್ ಹಿಡಿದು ಜಾತಿ ವಿನಾಶ ಅಂತ ಕೂಗೋಳು. ಆದರೂ ಆ ಒಂದು ಕ್ಷಣ ಗಂಟಲು ಒಣಗಿತು. ಬಾಡಿಗೆ ಮನೆ ಕೇಳೋಕೆ ಹೋದಾಗ ಹೆಸರಾದ ಮೇಲೆ, ಊರಾದ ಮೇಲೆ, ಇದೇ ಕ್ರಮದಲ್ಲಿ ಈ ಪ್ರಶ್ನೆ ಬರುತ್ತಲ್ಲ, ಹಾಗೇ ಬಂತು. ನಾನು ಸುಮ್ಮನೆ ನಿಂತಿದ್ದು ನೋಡಿ ಅವರೇ "ಬೆಕ್ಕಿಂದಮ್ಮ. ಪರ್ಷಿಯನ್ನಾ, ನಾಟಿನಾ?" ಅಂದರು. ಪಾಪ, ಅವರ ತಪ್ಪೇನೂ ಇಲ್ಲ. ತಳಿಗೆ ನಾವೆಲ್ಲ ಜಾತಿ ಅಂತಲೇ ಅನ್ನೋದು. ದುಡ್ಡು ಕೊಟ್ಟು ತಂದಿದ್ದು "ಜಾತಿ ನಾಯಿ". ಬೀದೀಲಿ ಹುಟ್ಟಿದ್ದು "ಕಂತ್ರಿ". ಆ ಕಂತ್ರಿ ಅನ್ನೋದು ಇಂಗ್ಲಿಷಿನ ಕಂಟ್ರಿ. ನಾಡಿನದು, ಇಲ್ಲೇ ಹುಟ್ಟಿದ್ದು ಅಂತ ಇದ್ದ ಮಾತು ಇಲ್ಲಿಯವರ ಬಾಯಲ್ಲೇ ಬೈಗುಳ ಆಗಿ ಕೂತಿದೆ. "ನಾಟಿ ಅಂತ ಬರೀರಿ" ಅಂದೆ.

ಡಾಕ್ಟರು ಕರಿಯನ ಬಾಯಿ ಅಗಲಿಸಿ ನೋಡಿದರು, ಹೆಬ್ಬೆರಳಲ್ಲಿ ವಸಡು ಒತ್ತಿದರು. "ಏನೂ ಇಲ್ಲಮ್ಮ, ಹಾಲು ಹಲ್ಲು ಬೀಳ್ತಿದೆ" ಅಂದರು. ಬೆಕ್ಕಿಗೆ 26 ಹಾಲು ಹಲ್ಲಂತೆ. ಮೂರೂವರೆ ನಾಲ್ಕು ತಿಂಗಳಿಂದ ಬೀಳೋಕೆ ಶುರುವಾಗಿ ಆರು ತಿಂಗಳೊಳಗೆ 30 ದೊಡ್ಡ ಹಲ್ಲು ಬರುತ್ತವೆ. ಬಿದ್ದ ಹಲ್ಲನ್ನ ಮರಿಗಳು ಸಾಮಾನ್ಯವಾಗಿ ನುಂಗಿಬಿಡ್ತವೆ, ಅದಕ್ಕೇ ಯಾರೂ ನೋಡಿರಲ್ಲ. ಎರಡು ದಿನ ಮೆತ್ತಗಿರೋದು ಕೊಡಿ ಅಂದರು. ನನಗೆ ನಾಚಿಕೆ ಆಯ್ತು, ಇಷ್ಟಕ್ಕೆ ಬಂದೆನಲ್ಲ ಅಂತ. ಸಾರಿ ಸರ್ ಅಂದೆ. "ಬಂದಿದ್ದು ಒಳ್ಳೇದಾಯ್ತು, ರೇಬಿಸ್ ಲಸಿಕೆ ಹಾಕ್ಸಿಲ್ಲ ತಾನೆ?" ಅಂದರು. ಬೆಕ್ಕಿಂದಲೂ ರೇಬಿಸ್ ಬರುತ್ತೆ, ಮೂರು ತಿಂಗಳಾದ ಮೇಲೆ ಹಾಕಿಸಲೇಬೇಕು. ಆಂಟಿ ಹೇಳಿದ ಮಾತ್ರೆ ವಿಷಯ ಕೇಳಿದೆ. ಅವರ ಮುಖವೇ ಬದಲಾಯ್ತು. ಬೆಕ್ಕಿನ ಲಿವರ್‌ಗೆ ಪ್ಯಾರಾಸಿಟಮಾಲ್ ಅರಗಿಸೋ ಶಕ್ತಿ ಇಲ್ಲ, ಅರ್ಧ ಮಾತ್ರೆಗೇ ಸತ್ತುಹೋಗಬಹುದು ಅಂದರು. ಮನೇಲಿ ಬೆಕ್ಕಿರೋರು ಇದೊಂದನ್ನ ದಯವಿಟ್ಟು ನೆನಪಿಡಿ.

ಈಗ ಅಣ್ಣನ ಮಾತಿಗೆ ಬರ್ತೀನಿ.

ನಮ್ಮ ತಾತ ಊರ ತೋಟಿ. ಸತ್ತ ದನ ಎಳೆಯೋದು ಅವರ ಚಾಕರಿ. ಹಸು ಬದುಕಿದ್ದಾಗ ಆ ಕೊಟ್ಟಿಗೆ ಬಾಗಿಲಿಗೆ ಹೋಗೋ ಹಾಗಿಲ್ಲ. ಸತ್ತ ದಿನ ಮಾತ್ರ "ಬಾರೋ" ಅಂತ ಕೂಗೋರು. ಆಗ ಕೊಟ್ಟಿಗೆ ಮೈಲಿಗೆ ಆಗ್ತಿರಲಿಲ್ಲ! ಸತ್ತ ದನ ಎಳೆಯೋದು ಬಿಡಿ, ಅದರ ಮಾಂಸ ಬಿಡಿ ಅಂತ ಬಾಬಾಸಾಹೇಬರು ಹೇಳಿ ಒಂದು ಶತಮಾನ ಆಗ್ತಾ ಬಂತು. 1927ರ ಮಾರ್ಚ್ 20ರಂದು ಮಹಾಡಿನಲ್ಲಿ ಅವರು ಚವದಾರ್ ಕೆರೆ ನೀರು ಮುಟ್ಟಿದರು. ದನ, ನಾಯಿಗೆ ತಡೆ ಇಲ್ಲದ ನೀರು ಅದು. 1931ರಲ್ಲಿ ಮುಂಬೈನಲ್ಲಿ ಗಾಂಧೀಜಿ ಎದುರು ಕೂತು, ನಾಯಿ ಬೆಕ್ಕಿಗಿಂತ ಕೀಳಾಗಿ ನೋಡೋ ನಾಡನ್ನ ನನ್ನದು ಅಂತ ಹೇಗನ್ನಲಿ ಅಂತ ಕೇಳಿದರು. ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ತಿದ್ದುಪಡಿ ಆಯ್ತು, ದಲಿತರ ಕೈಲಿ ಸತ್ತ ಪ್ರಾಣಿ ಹೊರಿಸೋದು ಅಪರಾಧ ಅಂತ ಬರೆದರು, 2016ರ ಜನವರಿ 26ಕ್ಕೆ ಜಾರಿ ಆಯ್ತು. ಅದೇ ಜುಲೈನಲ್ಲಿ ಗುಜರಾತಿನ ಊನಾದಲ್ಲಿ ಸತ್ತ ಹಸುವಿನ ಚರ್ಮ ಸುಲಿದರು ಅಂತ ನಮ್ಮ ಹುಡುಗರನ್ನ ಕಟ್ಟಿ ಹೊಡೆದರು.

ಹೀಗೆ ಪ್ರಾಣಿ ಜೊತೆ ನಮಗೆ ಕೊಟ್ಟಿದ್ದ ಸಂಬಂಧ ಅಂದರೆ ಹೆಣದ್ದು. ಅದಕ್ಕೆ ಹಲ್ಲುನೋವು ಬಂದಾಗ ಒದ್ದಾಡೋದು, ಮಡಿಲಲ್ಲಿಟ್ಟುಕೊಂಡು ಆಟೋದಲ್ಲಿ ಹೋಗೋದು, ಇದು ಮೇಲಿನೋರ ಶೋಕಿ ಅಂತ ನಮ್ಮವರೇ ಅಂದರೆ ನನಗೆ ಒಪ್ಪೋಕಾಗಲ್ಲ ಅಣ್ಣ. ತಾತನ ಮೊಮ್ಮಗಳು ಜೀವ ಇರೋ ಪ್ರಾಣೀನ ಕೈಲಿಟ್ಟುಕೊಂಡು ಅದರ ಪಾಲಿನ ಸರ್ಕಾರಿ ಡಾಕ್ಟರನ್ನ ಕೇಳಿದ್ದಾಳೆ. ನಾನು ಯಾರ ಸರದೀನೂ ಕಿತ್ಕೊಂಡಿಲ್ಲ.

ಇನ್ನೊಂದು. ಡಾಕ್ಟರ್ ಸಿಗದೆ ಸಾಯ್ತಾವ್ರೆ ಅಂದಿರಿ, ಅದು ನಿಜ. ಆದರೆ ಡಾಕ್ಟರ್ ಹತ್ತಿರದಲ್ಲಿ ಇದ್ದಾಗಲೂ ನಾವು ಹೋಗಲ್ಲ. ತಾತ ತೋಟಿ ಕೆಲಸ ಬಿಟ್ಟು ಗಣಿಗೆ ಇಳಿದರು, ಅಪ್ಪನೂ ಇಳಿದರು, ಚಾಂಪಿಯನ್ ರೀಫ್‌ಗೆ. ನಾನು ಹೈಸ್ಕೂಲಲ್ಲಿದ್ದಾಗಿಂದ ಅಪ್ಪನಿಗೆ ಕೆಮ್ಮು. ಲೈನ್ ಮನೆ ಗೋಡೆ ತೆಳ್ಳಗೆ, ನಮ್ಮಪ್ಪನ ಕೆಮ್ಮು ನಾಲ್ಕು ಮನೆಗೆ ಕೇಳಿಸೋದು, ಅವರ ಕೆಮ್ಮು ನಮಗೆ. "ಇಷ್ಟಕ್ಕೆಲ್ಲ ಯಾರಾದ್ರೂ ಆಸ್ಪತ್ರೆಗೆ ಓಯ್ತಾರಾ" ಅನ್ನೋರು. ಒಂದು ಶಿಫ್ಟ್ ಹೋದರೆ ಕೂಲಿ ಹೋಗುತ್ತೆ. ಕಲ್ಲಿನ ಧೂಳು ಒಂದು ಸಲ ಶ್ವಾಸಕೋಶ ಕೆಡಿಸಿದರೆ ಅದು ವಾಪಸ್ ಸರಿಹೋಗಲ್ಲ, ಆದರೆ ಬೇಗ ಗೊತ್ತಾದರೆ ಮನುಷ್ಯನನ್ನ ಧೂಳಿಂದ ದೂರ ಇಡಬಹುದು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಅದಾಗಿ ಮೂರು ವರ್ಷಕ್ಕೆ ಅಪ್ಪನ್ನ ಆಸ್ಪತ್ರೆಗೆ ಕರಕೊಂಡು ಹೋದೆವು, ಆಗ ಹೊತ್ತು ಮೀರಿತ್ತು.

ಸಣ್ಣದಕ್ಕೆ ಡಾಕ್ಟರ ಹತ್ತಿರ ಹೋಗೋ ಅಭ್ಯಾಸ ನಮ್ಮ ಮನೇಲಿ ಶುರುವಾಗಿದ್ದು ನನ್ನ ಮಗಳಿಂದ, ಅದೂ ಬೆಕ್ಕಿನ ಹಲ್ಲಿಂದ. ಶುರುವಾಗಲಿ ಬಿಡಿ. ಮೊನ್ನೆ ಅವಳೇ ಅಜ್ಜಿಗೆ "ಮೊಣಕಾಲು ತೋರಿಸ್ಕೊಂಡು ಬರಣ ನಡಿ" ಅಂತ ಗಂಟು ಬಿದ್ದಿದ್ದಾಳೆ. ಅಮ್ಮ ಇನ್ನೂ ಒಪ್ಪಿಲ್ಲ.

ಕರಿಯನ ಲಸಿಕೆಗೆ ಬರೋ ಬುಧವಾರ ಹೋಗಬೇಕು. ಅವತ್ತೂ ಸಭೆ ಇದೆ ಅಂತ ಗೊತ್ತು. ಹನ್ನೊಂದಕ್ಕೆ ಇಟ್ಟುಕೊಳ್ಳಿ ಅಣ್ಣ, ಬಂದುಬಿಡ್ತೀನಿ.

ಜೈಭೀಮ್.