ಚಿಪ್ಪಿನ ರಾಶಿಯೂ ಚರಿತ್ರೆಯೇ

"ಅಗೆದು ಸಿಕ್ಕಿದ್ದೇನು? ನಾಲ್ಕು ಚಿಪ್ಪು, ಒಂದು ಹಿಡಿ ಇದ್ದಿಲು. ಇದಕ್ಕಾಗಿ ಕಟ್ಟಡದ ಕೆಲಸ ನಿಲ್ಲಬೇಕೆ?" ಹೀಗೆ ಗೊಣಗುವವರು ಎಲ್ಲ ದೇಶಗಳಲ್ಲೂ ಇದ್ದಾರೆ. ಐರ್ಲೆಂಡಿನ ಕಡಲತೀರದ ಹಳ್ಳಿಗಳಲ್ಲಿ ಮನೆಗಳ ಸಾಲೋ ಹೋಟೆಲೋ ಏಳುವ ಮೊದಲು, ನೆಲದಡಿ ಹಳೆಯ ಕುರುಹು ಇರಬಹುದೆಂಬ ಅನುಮಾನವಿದ್ದರೆ, ಸ್ಥಳೀಯ ಆಡಳಿತ ಪರೀಕ್ಷಾ ಉತ್ಖನನದ ಷರತ್ತು ಹಾಕಬಹುದು. ಖರ್ಚು ಕಟ್ಟಿಸುವವರದು. ಈ ಷರತ್ತನ್ನು ಕಿರಿಕಿರಿ ಎನ್ನುವವರ ಜೊತೆ ನನ್ನದು ಜಗಳ.

ಅಲ್ಲಿ ಯಾರೂ ಇಡೀ ಹೊಲವನ್ನು ಬಗೆಯುವುದಿಲ್ಲ. ಪರವಾನಗಿ ಪಡೆದ ಪುರಾತತ್ವಜ್ಞರು ಪಕ್ಕದಲ್ಲೇ ನಿಂತಿರುವಾಗ, ಹಲ್ಲಿಲ್ಲದ ಬಕೆಟ್ಟಿನ ಯಂತ್ರ ಕಿರಿದಾದ ಕಾಲುವೆ ತೋಡುತ್ತಾ ಮೇಲ್ಮಣ್ಣನ್ನು ಪದರ ಪದರವಾಗಿ ತೆಗೆಯುತ್ತದೆ. ಮಣ್ಣಿನ ಬಣ್ಣ ಬದಲಾದ ಕಡೆ ಯಂತ್ರ ನಿಲ್ಲುತ್ತದೆ, ಕರಣೆ ಕೈಗೆ ಬರುತ್ತದೆ. ಕಪ್ಪು ಮಚ್ಚೆಯೊಂದು ಒಲೆಯಾಗಿರಬಹುದು. ದುಂಡನೆಯ ಕಲೆ ಗುಡಿಸಲಿನ ಕಂಬದ ಗುಳಿಯಾಗಿರಬಹುದು.

ಒಲೆಯಲ್ಲೇನು ಚರಿತ್ರೆ ಎನ್ನುತ್ತೀರಾ? ರಾಜರ ಯುದ್ಧಗಳ ಇಸವಿಗಳನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸಿದವಳು ನಾನು. ಆ ಪಾಠಗಳಲ್ಲಿ ಅಡುಗೆ ಮಾಡಿದವರಿಲ್ಲ. ಕೆರ್ರಿ ಪ್ರಾಂತ್ಯದ ಫೆರಿಟರ್ಸ್ ಕೋವ್ ಎಂಬ ಕಡಲತೀರದಲ್ಲಿ 6000 ವರ್ಷಗಳಿಗೂ ಹಿಂದೆ ಜನ ಬೆಂಕಿ ಹೊತ್ತಿಸಿ, ಮೀನು, ಚಿಪ್ಪುಜೀವಿಗಳನ್ನು ತಿಂದು ಹೋದರು. ಅವರ ಭಾಷೆ ಉಳಿದಿಲ್ಲ, ಹೆಸರು ಉಳಿದಿಲ್ಲ. ಉಳಿದದ್ದು ಚಿಪ್ಪಿನ ರಾಶಿ, ಎಲುಬು, ಬೂದಿ. ಬರೆಯಲು ಬಾರದವರ ಚರಿತ್ರೆಯನ್ನು ಮಣ್ಣೇ ಬರೆದಿಟ್ಟಿರುತ್ತದೆ. ಆ ಪುಟವನ್ನು ಓದದೆ ಹರಿದು ಬಿಸಾಡುವುದಕ್ಕೆ ಅಭಿವೃದ್ಧಿ ಎಂಬ ಹೆಸರೇ?

ಇನ್ನೊಂದು ಮಾತು ತಾಯಂದಿರಿಗೆ ಬೇಗ ತಿಳಿದೀತು. ದೀಕ್ಷಾಸ್ನಾನಕ್ಕೆ ಮೊದಲೇ ತೀರಿಕೊಂಡ ಹಸುಗೂಸುಗಳಿಗೆ ಐರ್ಲೆಂಡಿನ ಚರ್ಚಿನ ಸ್ಮಶಾನದಲ್ಲಿ ಜಾಗವಿರಲಿಲ್ಲ. ಇಪ್ಪತ್ತನೆಯ ಶತಮಾನದ ನಡುಗಾಲದವರೆಗೂ ಅವನ್ನು ಹೊಲದ ಅಂಚಿನಲ್ಲೋ, ಪಾಳು ಕೋಟೆಯಲ್ಲೋ, ಕಡಲದಂಡೆಯಲ್ಲೋ ಮಣ್ಣು ಮಾಡುತ್ತಿದ್ದರು. ಎಷ್ಟೋ ಸಲ ತಂದೆಯೇ ಕತ್ತಲಲ್ಲಿ ಹೊತ್ತೊಯ್ಯುತ್ತಿದ್ದ. ಹೆತ್ತವಳು ಮನೆಯಲ್ಲೇ ಉಳಿಯುತ್ತಿದ್ದಳು. ಗುರುತಿಗೆ ಒಂದು ಕಾಡುಗಲ್ಲು. ಇಂಥ ಜಾಗಗಳಿಗೆ ಕಿಲೀನ್ ಎಂದು ಹೆಸರು. ಎಲ್ಲವೂ ನಕ್ಷೆಯಲ್ಲಿಲ್ಲ. ಮೊದಲು ಪರೀಕ್ಷಿಸದೆ ಯಂತ್ರ ನುಗ್ಗಿಸಿದರೆ ಆ ಕೂಸುಗಳಿಗೆ ಎರಡನೆಯ ಸಲವೂ ನೆಲ ತಪ್ಪುತ್ತದೆ.

ತಡವಾಗುತ್ತದೆ, ದುಡ್ಡು ದಂಡ ಎನ್ನುವವರು ಎರಡು ಊರುಗಳನ್ನು ನೆನೆಯಲಿ. ಡಬ್ಲಿನ್ನಿನ ವುಡ್ ಕ್ವೇ ಎಂಬಲ್ಲಿ ವೈಕಿಂಗರ ಕಾಲದ ಪೇಟೆ ಕಂಡಾಗ, ನಗರಾಡಳಿತದ ಕಚೇರಿಗೆ ಅದೇ ಜಾಗ ಗೊತ್ತಾಗಿಬಿಟ್ಟಿತ್ತು. 1978ರಲ್ಲಿ ಸುಮಾರು 20,000 ಜನ ಮೆರವಣಿಗೆ ಹೊರಟರೂ ಕಚೇರಿ ಎದ್ದೇ ಎದ್ದಿತು. ವಾಟರ್‌ಫರ್ಡ್ ಹತ್ತಿರದ ವುಡ್‌ಸ್ಟೌನಿನಲ್ಲಿ ಹಾಗಾಗಲಿಲ್ಲ. ಹೆದ್ದಾರಿಗೆ ಮುಂಚೆ ನಡೆದ ಪರೀಕ್ಷೆಯಲ್ಲೇ 2003ರಲ್ಲಿ ವೈಕಿಂಗರ ನೆಲೆ ಕಾಣಿಸಿತು; ರಸ್ತೆಯೇ ಬದಿಗೆ ಸರಿಯಿತು. ಊರಿಗೆ ರಸ್ತೆಯೂ ಬಂತು, ನೆಲೆಯೂ ಉಳಿಯಿತು. ಮೊದಲೇ ನೋಡಿದ್ದರ ಲಾಭ ಇದು.

ಹಾಗೆಂದು ಪರೀಕ್ಷೆ ಮುಗಿಸಿ, ವರದಿ ಬರೆದು ಕಪಾಟಿಗೆ ಸೇರಿಸಿದರೆ ಸಾಲದು. ಸಿಕ್ಕಿದ್ದನ್ನು ಆ ಊರಿನವರಿಗೆ ಅವರ ಮಾತಿನಲ್ಲಿ ಹೇಳಬೇಕು, ಶಾಲೆಯ ಮಕ್ಕಳನ್ನು ಕರೆದೊಯ್ದು ತೋರಿಸಬೇಕು. ಅಗತ್ಯ ಬಿದ್ದರೆ ನಕ್ಷೆ ಬದಲಾಗಲಿ. ಗೋಡೆಯನ್ನು ಹತ್ತು ಮಾರು ಆಚೆ ಕಟ್ಟಬಹುದು. ಆರು ಸಾವಿರ ವರ್ಷದ ಒಲೆಯನ್ನು ಇನ್ನೊಮ್ಮೆ ಹೂಡಲು ಯಾವ ಗುತ್ತಿಗೆದಾರನಿಂದಲೂ ಆಗದು.