ಕಾರಿನ ದೀಪ: ಪ್ರಖರತೆಯೊಂದೇ ಗುಣವಲ್ಲ

ಖರಾಡಿಯಲ್ಲಿ ನೆಲೆಸಿರುವ ನಮ್ಮ ಕನ್ನಡ ಬಂಧುಗಳಲ್ಲಿ ಹಳೆಯ ಕಾರನ್ನು ಜೋಪಾನವಾಗಿ ಉಳಿಸಿಕೊಂಡವರುಂಟು. ಸಾತಾರಾ, ಕೊಲ್ಹಾಪುರಗಳ ಮಾರ್ಗವಾಗಿ ರಾತ್ರಿ ಪಯಣದಲ್ಲಿ ಬೆಳಗಾವಿ ಸೇರಬೇಕಾದಾಗ ಅವರ ಚಿಂತೆಯೆಲ್ಲ ಮುಂದೀಪದ್ದೇ. ದೀಪ ಮಂಕಾಯಿತೆಂದು ಅಂಗಡಿಗೆ ಹೋದರೆ ಎರಡು ಪ್ರಲೋಭನೆಗಳು ಎದುರಾಗುತ್ತವೆ: ಒಂದು, 100/90 ವಾಟಿನ ಬಲ್ಬು, ಇನ್ನೊಂದು, ಹ್ಯಾಲೊಜೆನ್ ಬಲ್ಬಿನ ಜಾಗದಲ್ಲಿಯೇ ಕೂರುವ ಬಿಳಿಯ ಎಲ್‌ಇಡಿ. ಎರಡನ್ನೂ ದೂರವಿಡುವುದೇ ಲೇಸೆಂದು ನಮ್ಮ ಅಭಿಪ್ರಾಯ.

ಹಳೆಯ ಕಾರುಗಳಲ್ಲಿ ಬಹುವಾಗಿ ಕಾಣುವ ಎಚ್4 ಬಲ್ಬಿನಲ್ಲಿ ಎರಡು ತಂತುಗಳಿವೆ. ದೂರದ ಬೆಳಕಿಗೆ 60 ವಾಟು, ತಗ್ಗಿನ ಬೆಳಕಿಗೆ 55. ತಗ್ಗಿನ ತಂತುವಿನ ಅಡಿಯಲ್ಲಿ ಲೋಹದ ಪುಟ್ಟ ಬಟ್ಟಲೊಂದಿದೆ. ದೀಪದ ಹಿಂಗನ್ನಡಿಯ ಕೆಳಭಾಗಕ್ಕೆ ಬೆಳಕು ಬೀಳದಂತೆ ಅದು ತಡೆಯುವುದರಿಂದಲೇ ಎದುರಿನವನ ಕಣ್ಣು ಕುಕ್ಕುವುದಿಲ್ಲ. ಆ ಕನ್ನಡಿಯ ಬಾಗನ್ನು ತಂತುವಿನ ಸ್ಥಾನಕ್ಕನುಗುಣವಾಗಿಯೇ ರೂಪಿಸಿರುತ್ತಾರೆ. ಎಲ್‌ಇಡಿಯಲ್ಲಿ ಬೆಳಕು ಹುಟ್ಟುವ ಸ್ಥಾನ ಕೊಂಚವೇ ಸರಿದರೂ ಕಿರಣಗಳು ರಸ್ತೆಯನ್ನು ಬಿಟ್ಟು ಎದುರಿನವನ ಮುಖಕ್ಕೆ ಹಾಯುತ್ತವೆ.

ಹೆಚ್ಚು ವಾಟಿನ ಬಲ್ಬಿನದು ಬೇರೊಂದು ತೊಡಕು. 12 ವೋಲ್ಟಿನಲ್ಲಿ 60 ವಾಟಿಗೆ 5 ಆಂಪಿಯರ್ ಸಾಕು. 100 ವಾಟಿಗೆ ಎಂಟಕ್ಕೂ ಹೆಚ್ಚು ಬೇಕು. ಹಳೆಯ ತಂತಿ, ಸ್ವಿಚ್ಚುಗಳಿಗೆ ಆ ಭಾರ ಹೊರುವ ಶಕ್ತಿಯಿಲ್ಲ. ಅನ್ನ ಬೇಗ ಬೇಯಲೆಂದು ಉರಿ ಹೆಚ್ಚಿಸಿ ತಳ ಹೊತ್ತಿಸಿದಂತೆಯೇ ಸರಿ.

ಅನೇಕ ವೇಳೆ ಮಂಕಿನ ದೋಷ ಬಲ್ಬಿನದೇ ಅಲ್ಲ. ತುಕ್ಕುಹಿಡಿದ ಜೋಡಣೆಗಳಿಂದ ವೋಲ್ಟೇಜು ನೂರಕ್ಕೆ ಹತ್ತರಷ್ಟು ಇಳಿದರೆ ಬೆಳಕು ಸುಮಾರು ಮೂರನೆಯ ಒಂದು ಪಾಲು ನಶಿಸುತ್ತದೆ. ಆದ್ದರಿಂದ ಮೊದಲು ಜೋಡಣೆಗಳನ್ನು ಶುಚಿಗೊಳಿಸಬೇಕು. ಬ್ಯಾಟರಿಯಿಂದ ರಿಲೇ ಮೂಲಕ ನೇರ ತಂತಿ ಎಳೆಸಬೇಕು. ಮಾಸಿದ ಗಾಜನ್ನು ತಿಕ್ಕಿಸಬೇಕು. ಹಿಂಗನ್ನಡಿಯ ಹೊಳಪೇ ಹೋಗಿದ್ದರೆ ಯಾವ ಬಲ್ಬೂ ಉಪಕರಿಸದು, ದೀಪವನ್ನೇ ಬದಲಿಸಬೇಕಾಗುತ್ತದೆ.

ಆಮೇಲೆ, ಕಾರಿನ ಕೈಪಿಡಿಯಲ್ಲಿ ಹೇಳಿರುವ ಬಗೆಯ, ಅಷ್ಟೇ ವಾಟಿನ, ಹೆಸರುಳ್ಳ ಕಂಪನಿಯ ಬಲ್ಬುಗಳನ್ನು ಎರಡೂ ಕಡೆಗೆ ಒಟ್ಟಿಗೇ ಹಾಕಿಸಿರಿ. ನೀಲಿ ಬಣ್ಣ ಬಳಿದದ್ದು ಬೇಡ; ಆ ಬಣ್ಣ ಬೆಳಕನ್ನೇ ನುಂಗುತ್ತದೆ. ಗಾಜನ್ನು ಬರಿಗೈಯಿಂದ ಮುಟ್ಟಬಾರದು. ಬೆರಳಿನ ಜಿಡ್ಡು ಕಾದು ಬಲ್ಬಿನ ಆಯುಸ್ಸು ಕುಂದುತ್ತದೆ. ಕೊನೆಗೆ ಸಮನೆಲದಲ್ಲಿ ಗೋಡೆಗೆದುರು ನಿಲ್ಲಿಸಿ ಕಿರಣಗಳ ಎತ್ತರವನ್ನು ಸರಿಪಡಿಸಿಕೊಳ್ಳಬೇಕು.

ನಗರ ರಸ್ತೆಯಲ್ಲಿ ನಡುರಾತ್ರಿ ಹೋಟೆಲಿನ ಕೆಲಸ ಮುಗಿಸಿ ಸೈಕಲ್ಲಿನಲ್ಲಿ ಮರಳುವ ಹುಡುಗನಿಗೆ ನಮ್ಮ ಕಾರು ಕಾಣುವುದಿಲ್ಲ, ಕಾಣುವುದು ದೀಪ ಮಾತ್ರ. ಆ ಕ್ಷಣ ಅವನ ಕಣ್ಣು ಕತ್ತಲಿಟ್ಟರೆ ಮುಂದಿನ ಗುಂಡಿ ಅವನಿಗೆ ತೋರದು. ನಮ್ಮ ದಾರಿಯನ್ನು ಬೆಳಗುವ ದೀಪ ಪರರ ದಾರಿಯನ್ನು ಅಳಿಸದಿರಲಿ.